“ಇದು ಯಾವ ತಿಟ್ಟು ಮಾರಾಯ್ರೆ?”

ಫ್ಲೆಕ್ಸ್ ಕಟ್ಟಿ ಎರಡು ಗಂಟೆ ಆಗಿರಲಿಲ್ಲ, ಫೋನ್ ಬಂತು. ಆ ಕಡೆ 40 ವರ್ಷ ಗೆಜ್ಜೆ ಕಟ್ಟಿದ ಹಿರಿಯ ಯಕ್ಷಗಾನ ವೇಷಧಾರಿ. “ನಿಮ್ಮ ಚಿತ್ರ ನೋಡಿದೆ. ಇದು ಯಾವ ತಿಟ್ಟು ಮಾರಾಯ್ರೆ?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದರು. ತಿಟ್ಟು ಅಂದರೆ ಯಕ್ಷಗಾನದ ಶೈಲಿ, ಮುಖ್ಯವಾಗಿ ತೆಂಕು ಮತ್ತು ಬಡಗು.

ನಾನು ಮಂಗಳೂರಿನಲ್ಲಿ 17 ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ರಥಬೀದಿಯ ಹತ್ತಿರ ಸಣ್ಣ ಅಂಗಡಿ. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಶಾಲಾ ವಾರ್ಷಿಕೋತ್ಸವ, ಭೂತದ ನೇಮ, ಯಕ್ಷಗಾನ ಆಟದ ಫ್ಲೆಕ್ಸ್, ಇವೇ ನಮ್ಮ ಅನ್ನ. ಆ ಫ್ಲೆಕ್ಸ್ ಒಂದು ಹವ್ಯಾಸಿ ಸಂಘದ ತೆಂಕುತಿಟ್ಟಿನ ಆಟದ್ದು. ಸಮಯ ಇರಲಿಲ್ಲ. ಎಐಗೆ ನಾಲ್ಕು ಸಾಲು ಬರೆದು ಚಿತ್ರ ತೆಗೆಸಿದೆ. ಬಣ್ಣ, ಬೆಳಕು ಕಣ್ಣು ಸೆಳೆಯುವ ಹಾಗಿತ್ತು. ಫೋನ್ ಇಟ್ಟ ಮೇಲೆ ಸರಿಯಾಗಿ ನೋಡಿದೆ. ತಲೆಯ ಮೇಲೆ ಬಡಗಿನ ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನು ಹೋಲುವ ಏನೋ ಒಂದು, ಮುಖಕ್ಕೆ ಕಥಕಳಿಯ ಹಸಿರು, ಸೊಂಟದ ಕೆಳಗೆ ಅದೇ ಕಥಕಳಿಯ ಅಗಲ ನೆರಿಗೆ. ಹಿಂದೆ ನಿಂತವನು ಚೆಂಡೆಯನ್ನು ಡೋಲಿನ ಹಾಗೆ ಅಡ್ಡ ಹಿಡಿದಿದ್ದಾನೆ. ಆರು ಫ್ಲೆಕ್ಸ್ ಇಳಿಸಿ ನನ್ನ ಖರ್ಚಿನಲ್ಲೇ ಬೇರೆ ಮಾಡಿಸಿದೆ.

ದುಡ್ಡು ಹೋದದ್ದಕ್ಕಿಂತ ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. 2022ರವರೆಗೆ ಇಂಥ ಚಿತ್ರ ಬೇಕಾದರೆ ಬಂಟ್ವಾಳ ಕಡೆಯ ಒಬ್ಬ ಹುಡುಗನಿಗೆ ಫೋನ್ ಮಾಡುತ್ತಿದ್ದೆ. ರಾತ್ರಿಯಿಡೀ ವೇಷ ಕಟ್ಟುವ ಚೌಕಿಯಲ್ಲಿ ಕೂತು, ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಎಂಬ ಬಿಳಿ ಚುಕ್ಕಿ ಇಡುವುದನ್ನು ನೋಡಿ ನೋಡಿ ಗೆರೆ ಕಲಿತವನು. ತಿಂಗಳಿಗೆ ಐದಾರು ಚಿತ್ರ ಕೊಡುತ್ತಿದ್ದೆ. ಆ ವರ್ಷದ ಕೊನೆಗೆ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಚಿತ್ರ ಸಾಧನಗಳೆಲ್ಲ ಕೈಗೆ ಸಿಕ್ಕವು. ಮರುವರ್ಷ ಐದಾರು ಹೋಗಿ ಎರಡಾಯಿತು, ಆಮೇಲೆ ನಿಂತೇ ಹೋಯಿತು. ಬೇಡ ಎಂದು ನಾನು ಅವನಿಗೆ ಹೇಳಲೂ ಇಲ್ಲ, ಫೋನ್ ಮಾಡುವುದನ್ನು ಬಿಟ್ಟೆ ಅಷ್ಟೆ. ಅವನಾಗಿದ್ದರೆ ಪೆನ್ಸಿಲ್ ಹಿಡಿಯುವ ಮೊದಲೇ ಕೇಳುತ್ತಿದ್ದ: “ತೆಂಕಾ, ಬಡಗಾ? ಪ್ರಸಂಗ ಯಾವುದು? ಕಿರೀಟ ವೇಷವಾ, ಪುಂಡು ವೇಷವಾ?” ನಾನು ಹಣ ಕೊಡುತ್ತಿದ್ದದ್ದು ಆ ಪ್ರಶ್ನೆಗಳಿಗೂ ಸೇರಿ ಎಂದು ಅಷ್ಟು ವರ್ಷ ತಿಳಿದಿರಲಿಲ್ಲ.

ಈಗ ಗಿರಾಕಿಗಳು ನನ್ನ ಜೊತೆಗೂ ಹಾಗೇ ಮಾಡುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿ “ಡಿಸೈನ್ ಆಗಿದೆ, ಸಣ್ಣ ಕರೆಕ್ಷನ್ ಉಂಟು, ಹತ್ತು ನಿಮಿಷದ್ದು” ಅನ್ನುತ್ತಾರೆ. 1024 ಪಿಕ್ಸೆಲ್ ಅಗಲದ ಚಿತ್ರ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಅಚ್ಚಾದರೆ ಮೂರೂವರೆ ಇಂಚೂ ಬರುವುದಿಲ್ಲ. ಪರದೆಯ ಮೇಲೆ ಹೊಳೆಯುವ ಕೇಸರಿ ಅಚ್ಚಿನ ನಾಲ್ಕು ಬಣ್ಣಕ್ಕೆ, ಅಂದರೆ ಸಿಎಂವೈಕೆಗೆ, ಇಳಿದಾಗ ಮಂಕಾಗುತ್ತದೆ. ಅದರಲ್ಲಿರುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ತಾರೀಕು ಬದಲಿಸಬೇಕಾದರೂ ಅಳಿಸಿ ಹೊಸದಾಗಿ ಕೂರಿಸಬೇಕು. ‘ಬ್ರಹ್ಮಕಲಶೋತ್ಸವ’ ಎಂಬ ಒಂದು ಪದದಲ್ಲೇ ಮೂರು ಒತ್ತಕ್ಷರ. ಈಚಿನ ಎಐಗಳು ಎಷ್ಟೋ ಸುಧಾರಿಸಿವೆ, ಆದರೂ ಮೂರರಲ್ಲಿ ಒಂದು ಜಾರಿದರೆ ಊರಿಡೀ ಓದುತ್ತದೆ. ಇನ್ನು ಹೆಸರುಗಳು. ತಂತ್ರಿಗಳು, ಆಡಳಿತ ಮೊಕ್ತೇಸರರು, ಗುತ್ತಿನ ಮನೆಯವರು: ಯಾರ ಹೆಸರು ಯಾರ ಮೇಲೆ ಬರಬೇಕು ಎನ್ನುವುದನ್ನು ಆ ಊರಿನವರನ್ನೇ ಕೇಳಬೇಕು. ಒಮ್ಮೆ ಅದೊಂದಕ್ಕೇ ಮೂರು ದಿನ ಫೋನ್ ಹಿಡಿದು ಕೂತಿದ್ದೇನೆ.

ಬಿಲ್ಲಿನಲ್ಲಿ ಮಾತ್ರ ಅಷ್ಟೂ ವರ್ಷ ಒಂದೇ ಪದ, ‘ಡಿಸೈನ್’. ಎಲ್ಲವನ್ನೂ ಅದರೊಳಗೆ ತುಂಬಿದ್ದೆ. ಡಿಸೈನ್ ಪುಕ್ಕಟೆ ಸಿಗುತ್ತದೆ ಅಂದ ಕೂಡಲೇ ಒಳಗಿದ್ದದ್ದೂ ಪುಕ್ಕಟೆ ಎಂದು ಅವರು ತಿಳಿದರೆ ತಪ್ಪೇನು? ಈಗ ಚಿತ್ರ, ಅಕ್ಷರ ಜೋಡಣೆ, ಪ್ರೂಫ್, ಹೆಸರು ವಿಚಾರಣೆ, ಪ್ರಿಂಟ್ ಫೈಲ್ ಎಲ್ಲ ಬೇರೆ ಬೇರೆ ಸಾಲು. ಕೆಲವರು ಬಿಟ್ಟುಹೋದರು. ಹುಟ್ಟುಹಬ್ಬದ ಪೋಸ್ಟರ್, ಮೊಬೈಲ್ ಅಂಗಡಿಯ ಆಫರ್ ಕಾರ್ಡ್ ಇನ್ನು ನಮ್ಮ ಕೈಗೆ ಬರಲಾರವು.

ಎಐ ಬಳಸಿದರೆ ಅದನ್ನೂ ಬಿಲ್ಲಿನಲ್ಲಿ ಬರೆಯುತ್ತೇನೆ. ಹಾಲಿವುಡ್‌ನ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಮಾಡಿ ಪಡೆದ ಒಪ್ಪಂದದಲ್ಲಿ, ಬರಹಗಾರನಿಗೆ ಕೊಡುವ ಸಾಮಗ್ರಿ ಎಐ ತಯಾರಿಸಿದ್ದಾದರೆ ಕಂಪನಿ ಅದನ್ನು ತಿಳಿಸಲೇಬೇಕು ಎಂಬ ಷರತ್ತು ಇದೆ. ಓದಿದಾಗ ಮನಸ್ಸಿಗೆ ನಾಟಿತು. ಅವರಿಗೆ ಸಂಘವಿತ್ತು. ಬಂಟ್ವಾಳದ ಹುಡುಗನ ಪರವಾಗಿ ಷರತ್ತು ಹಾಕಲು ಯಾರಿದ್ದಾರೆ? ಅವನಿಗೆ ಕೆಲಸ ಕೊಡುತ್ತಿದ್ದ ನಾನೇ.

ನನಗೆ ಕೆಲಸ ಕಲಿಸಿದವರು ಅಚ್ಚುಮೊಳೆ ಜೋಡಿಸಿ ಬೆಳೆದವರು. “ಕಂಪ್ಯೂಟರಿನ ಡಿಟಿಪಿ ಬಂದಾಗಲೂ ಹೀಗೇ ಹೆದರಿದ್ದೆವು, ಆಮೇಲೆ ಸರಿಯಾಯಿತು” ಎನ್ನುತ್ತಾರೆ. ಅವರ ಮಾತನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಅವರು ಜೋಡಿಸಿದ ಪುಟಗಳನ್ನು ನುಂಗಿ ಡಿಟಿಪಿ ಬೆಳೆಯಲಿಲ್ಲ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು ಕಲಿತ ಚಿತ್ರಗಳು ಬಂದದ್ದು ಲಾಯಾನ್-5ಬಿ ಎಂಬ ಸಂಗ್ರಹದಿಂದ. ಅದರಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳಿದ್ದವು, ಬಿಡಿಸಿದವರನ್ನು ಕೇಳದೆ ಅಂತರ್ಜಾಲದಿಂದ ಬಾಚಿದವು. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಳೆದ ತಿಂಗಳು ಬಂಟ್ವಾಳದ ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಸುರತ್ಕಲ್‌ನ ಒಂದು ಇಂಟೀರಿಯರ್ ಅಂಗಡಿಯಲ್ಲಿದ್ದಾನೆ. ನನ್ನದು ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಮಾತ್ರ ಆದೀತು ಅಣ್ಣ, ಅರ್ಜೆಂಟ್ ಮಾಡಬೇಡಿ” ಅಂದ. ಮುಂದಿನ ಆಟದ ವಿವರವನ್ನು ಸಂಘದವರಿಂದ ಮೂರು ವಾರ ಮೊದಲೇ ತರಿಸಿಕೊಂಡೆ. ಮೊದಲ ಭಾನುವಾರ ರಾತ್ರಿ ಪೆನ್ಸಿಲ್ ಸ್ಕೆಚ್ ಬಂತು. ಅದನ್ನು ಆ ಹಿರಿಯ ವೇಷಧಾರಿಗೆ ಕಳಿಸಿದೆ.

“ಕಿರೀಟ ಸರಿ ಉಂಟು. ಭುಜಕೀರ್ತಿ ಇನ್ನೊಂದಿಷ್ಟು ಮೇಲೆ ಬರಲಿ” ಎಂದು ಉತ್ತರಿಸಿದರು.