ಕನ್ನಡದ ಕೋಡ್ ವಿವರಣೆಯನ್ನು ನನ್ನದೇ ಗಣಕದ ಸರ್ವರ್‌ನಲ್ಲಿ ಓದುತ್ತಾ: ಪ್ರಗತಿ ಟಿಪ್ಪಣಿ

ಕನ್ನಡ ಪಠ್ಯವನ್ನು ಅಕ್ಷರಗಳಾಗಿ ಬಿಡಿಸಿ, ಅವುಗಳಿಗೆ ಲಘು-ಗುರು ಗುರುತಿಸುವ ಒಂದು ಪ್ಯಾಕೇಜನ್ನು (ಬೇರೆ ಪ್ರೋಗ್ರಾಮ್‌ಗಳೂ ಬಳಸಬಹುದಾದ ಕೋಡ್‌ನ ಕಟ್ಟನ್ನು) ಬಿಡುವಿನ ವೇಳೆಯಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ‘ಸ್ತ್ರೀ’ ಎಂಬುದು ಪ್ರಸ್ತಾರ ಹಾಕುವವರಿಗೆ ಒಂದೇ ಅಕ್ಷರ. ಗಣಕದಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪ್ರಕಾರ ಅದು 6 ಸಂಕೇತಗಳ ಸರಣಿ. ಆ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ರೂಪದಲ್ಲಿ 18 ಬೈಟ್. ಈ ಮೂರು ಎಣಿಕೆಗಳಲ್ಲಿ ಯಾವ ಫಂಕ್ಷನ್ ಯಾವುದನ್ನು ಕೊಡುತ್ತದೆ ಎಂಬ ವಿವರಣೆ ಕನ್ನಡದಲ್ಲೇ ಇರಬೇಕು ಎಂಬುದು ನನ್ನ ನಿಲುವು, ಏಕೆಂದರೆ ಇದನ್ನು ಬಳಸುವವರು ಕನ್ನಡ ಓದಬಲ್ಲವರೇ. ಅಕ್ಷರ ಬಿಡಿಸುವ ಕೋಡ್ ಒಂದು ಹಂತಕ್ಕೆ ಬಂದಿರುವುದರಿಂದ ಈಗ ಕೈಗೆತ್ತಿಕೊಂಡಿರುವುದು ಆ ವಿವರಣೆಯ ಕೆಲಸ.

ಗೋ ಭಾಷೆಯಲ್ಲಿ ಫಂಕ್ಷನ್‌ನ ಮೇಲೆ ಬರೆದ ಕಾಮೆಂಟೇ (ಓದುವವರಿಗಾಗಿ ಕೋಡ್‌ನೊಳಗೆ ಬರೆಯುವ ಟಿಪ್ಪಣಿಯೇ) ಅದರ ದಾಖಲೆ. ಅದನ್ನು ಎಡಿಟರ್‌ನಲ್ಲಿ ನೋಡುವುದಕ್ಕೂ ಬಳಸುವವರು ನೋಡುವ ಪುಟವಾಗಿ ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಆದ್ದರಿಂದ ಪ್ರಕಟಿಸುವ ಮೊದಲೇ ಅದನ್ನು ಬ್ರೌಸರ್‌ನಲ್ಲಿ ಓದುವ ವ್ಯವಸ್ಥೆ ಬೇಕಿತ್ತು. ಹಿಂದೆ ಇದಕ್ಕೆ ಗೋಡಾಕ್ ಎಂಬ ಸಲಕರಣೆ ಇತ್ತು. 6060ನೆಯ ಪೋರ್ಟ್‌ನಲ್ಲಿ ಅದನ್ನು ಓಡಿಸುವುದು ಗೋ ಬಳಕೆದಾರರಿಗೆ ರೂಢಿಯಾಗಿತ್ತು. 2019ರ 1.13ನೆಯ ಆವೃತ್ತಿಯಿಂದ ಅದು ಗೋ ಭಾಷೆಯ ಮೂಲ ತಂತ್ರಾಂಶದ ಜೊತೆಗೆ ಬರುವುದು ನಿಂತಿತು. 2025ರ 1.25ನೆಯ ಆವೃತ್ತಿಯಲ್ಲಿ ‘ಗೋ ಡಾಕ್’ ಆಜ್ಞೆಗೇ ಎಚ್‌ಟಿಟಿಪಿ ಆಯ್ಕೆ ಸೇರಿ, ಸರ್ವರ್ ಆರಂಭಿಸಿ ಬ್ರೌಸರ್ ತೆರೆಯುವಷ್ಟೂ ಕೆಲಸ ಒಂದೇ ಸಾಲಿನಲ್ಲಿ ಆಗುತ್ತದೆ. ನಾನು ಆರಿಸಿಕೊಂಡದ್ದು ಪಿಕೆಜಿಸೈಟ್. ಗೋ ಪ್ಯಾಕೇಜ್‌ಗಳ ಸಾರ್ವಜನಿಕ ದಾಖಲೆ ತಾಣದ ಹಿಂದಿರುವ ತಂತ್ರಾಂಶವೇ ಇದಾದ್ದರಿಂದ, ನಾಳೆ ಇತರರು ನೋಡುವ ಪುಟಕ್ಕೆ ಇಂದು ನಾನು ನೋಡುವ ಪುಟ ಅತ್ಯಂತ ಹತ್ತಿರವಾಗಿರುತ್ತದೆ. ಅದು ತಾನಾಗಿ 8080ನೆಯ ಪೋರ್ಟ್ ಹಿಡಿಯುತ್ತದೆ. ವಿಳಾಸವನ್ನು ನಾವೇ ಕೊಡುವುದಾದರೆ ಪೋರ್ಟ್ ಸಂಖ್ಯೆಯ ಜೊತೆಗೆ 127.0.0.1 (ನಮ್ಮದೇ ಗಣಕವನ್ನು ಸೂಚಿಸುವ ವಿಳಾಸ) ಎಂದೂ ಬರೆಯುವುದು ಒಳ್ಳೆಯದು. ಬರಿಯ ಪೋರ್ಟ್ ಸಂಖ್ಯೆ ಕೊಟ್ಟರೆ ಸರ್ವರ್ ಎಲ್ಲ ಜಾಲ ವಿಳಾಸಗಳಲ್ಲೂ ಕಿವಿಗೊಡುತ್ತದೆ, ಅದೇ ವೈ-ಫೈನಲ್ಲಿರುವ ಇತರರಿಗೂ ಪುಟ ತೆರೆದುಕೊಳ್ಳಬಹುದು.

ಪುಟ ಕಣ್ಣೆದುರು ಬಂದ ಮೇಲೆ, ಕನ್ನಡ ಲಿಪಿಗೂ ಗೋ ಭಾಷೆಯ ನಿಯಮಗಳಿಗೂ ಇರುವ ಸಂಬಂಧ ಒಂದೊಂದಾಗಿ ಸ್ಪಷ್ಟವಾಯಿತು. ಗೋ ಭಾಷೆಯಲ್ಲಿ ಫಂಕ್ಷನ್ ಮುಂತಾದವುಗಳ ಹೆಸರಿನ ಮೊದಲ ಅಕ್ಷರ ದೊಡ್ಡಕ್ಷರ (ಕ್ಯಾಪಿಟಲ್) ಆಗಿದ್ದರೆ ಮಾತ್ರ ಅದು ಪ್ಯಾಕೇಜಿನ ಹೊರಗೆ ಲಭ್ಯವಾಗುತ್ತದೆ, ದಾಖಲೆಯಲ್ಲೂ ಕಾಣಿಸುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೆಂಬುದೇ ಇಲ್ಲ. ಹಾಗಾಗಿ ‘ಗಣ’ ಎಂದು ಹೆಸರಿಟ್ಟರೆ ಕಂಪೈಲರ್ (ಕೋಡನ್ನು ಗಣಕ ಓಡಿಸುವ ರೂಪಕ್ಕೆ ತರುವ ತಂತ್ರಾಂಶ) ಒಪ್ಪುತ್ತದೆ, ಆದರೆ ಅದು ಪುಟಕ್ಕೆ ಬರುವುದಿಲ್ಲ. ‘ಲಘು’, ‘ಗುರು’ ಎಂಬ ಹೆಸರುಗಳನ್ನಂತೂ ಕಂಪೈಲರೇ ತಿರಸ್ಕರಿಸುತ್ತದೆ, ಏಕೆಂದರೆ ಸ್ವರಚಿಹ್ನೆಗಳಿಗೆ ಹೆಸರಿನೊಳಗೆ ಅವಕಾಶವಿಲ್ಲ. ಛಂದಸ್ಸಿನ ಪ್ಯಾಕೇಜಿನಲ್ಲಿ ಗುರು-ಲಘುಗಳಿಗೆ ಅವುಗಳ ಹೆಸರಿಡಲಾಗದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಹೆಸರುಗಳನ್ನು ರೋಮನ್ ಲಿಪಿಯಲ್ಲಿಟ್ಟು, ವಿವರಣೆಯನ್ನು ಪೂರ್ತಿ ಕನ್ನಡದಲ್ಲಿ ಬರೆಯುವ ಕ್ರಮಕ್ಕೆ ಬಂದಿದ್ದೇನೆ. ಕಾಮೆಂಟ್ ಫಂಕ್ಷನ್‌ನ ಹೆಸರಿನಿಂದಲೇ ಶುರುವಾಗಬೇಕೆಂಬ ಗೋ ಸಂಪ್ರದಾಯ ಕನ್ನಡಕ್ಕೆ ಸಹಜವಾಗಿ ಒಗ್ಗುತ್ತದೆ: ಕರ್ತೃ ಮೊದಲು, ಕ್ರಿಯಾಪದ ಕೊನೆಗೆ.

ಶೀರ್ಷಿಕೆಗಳ ವಿಷಯದಲ್ಲಿ 2022ರ 1.19ನೆಯ ಆವೃತ್ತಿ ದೊಡ್ಡ ಉಪಕಾರ ಮಾಡಿದೆ. ಅದಕ್ಕೂ ಮೊದಲು ದೊಡ್ಡಕ್ಷರದಿಂದ ಆರಂಭವಾಗುವ ಒಂಟಿ ಸಾಲನ್ನಷ್ಟೇ ಶೀರ್ಷಿಕೆಯೆಂದು ಊಹಿಸಲಾಗುತ್ತಿತ್ತು, ಕನ್ನಡಕ್ಕೆ ಆ ದಾರಿ ಮುಚ್ಚಿತ್ತು. ಈಗ ಸಾಲಿನ ಮೊದಲಿಗೆ ಹ್ಯಾಶ್ (#) ಚಿಹ್ನೆ ಹಾಕಿ ಒಂದು ಖಾಲಿ ಜಾಗ ಬಿಟ್ಟರೆ ಸಾಕು. ಆದರೆ ಶೀರ್ಷಿಕೆಯ ಕೊಂಡಿಗೆ ಗುರುತು ಕೊಡುವ ಮೂಲ ನಿಯಮ, ಆಸ್ಕಿಯ (ಇಂಗ್ಲಿಷ್‌ಗಾಗಿ ರೂಪಿಸಿದ ಹಳೆಯ ಸಂಕೇತ ಪಟ್ಟಿಯ) ಅಕ್ಷರ ಅಥವಾ ಅಂಕಿಯಲ್ಲದ ಪ್ರತಿಯೊಂದು ಸಂಕೇತವನ್ನೂ ಅಡಿಗೆರೆಯಾಗಿ ಬದಲಿಸುತ್ತದೆ. ಸಮಾನ ಉದ್ದದ ಎರಡು ಕನ್ನಡ ಶೀರ್ಷಿಕೆಗಳಿಗೆ ಒಂದೇ ಗುರುತು ಹುಟ್ಟುತ್ತದೆ. ಕಾಮೆಂಟ್‌ನ ಸಾರಾಂಶವೆಂದು ತೆಗೆದುಕೊಳ್ಳುವ ಮೊದಲ ವಾಕ್ಯಕ್ಕೂ ಇಂಥದೇ ತೊಡಕಿದೆ. ಚುಕ್ಕಿ ಮತ್ತು ಖಾಲಿ ಜಾಗ ಬಂದಲ್ಲಿಗೆ ಮೊದಲ ವಾಕ್ಯ ಮುಗಿಯಿತೆಂದು ತಂತ್ರಾಂಶ ತಿಳಿಯುತ್ತದೆ. ಇಂಗ್ಲಿಷ್ ಇನಿಶಿಯಲ್‌ಗಳಿಗೆ ವಿನಾಯಿತಿ ಇದೆ, ಆದರೆ ಅದು ದೊಡ್ಡಕ್ಷರವನ್ನೇ ನಂಬಿದೆ. ಹಾಗಾಗಿ ‘ಉದಾ.’ ಎಂಬ ಸಂಕ್ಷೇಪವಾಗಲಿ, ಕನ್ನಡದ ಇನಿಶಿಯಲ್‌ಗಳಾಗಲಿ ಮೊದಲ ವಾಕ್ಯದಲ್ಲಿ ಬಾರದಂತೆ ಬರೆಯುತ್ತಿದ್ದೇನೆ.

ಅತ್ಯಂತ ಹೆಚ್ಚು ಸಮಯ ಕೊಟ್ಟದ್ದು ಉದಾಹರಣೆ ಫಂಕ್ಷನ್‌ಗಳಿಗೆ. ಅವು ದಾಖಲೆಯ ಪುಟದಲ್ಲಿ ಕಾಣಿಸುತ್ತವೆ, ಜೊತೆಗೆ ಪರೀಕ್ಷೆಯ ವೇಳೆ ಅವುಗಳ ಫಲಿತಾಂಶವನ್ನು ಬರೆದಿಟ್ಟ ಉತ್ತರದೊಡನೆ ಹೋಲಿಸಲಾಗುತ್ತದೆ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಿಂದಲೂ ಬರೆಯಬಹುದು. ಬ್ರೌಸರ್‌ನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಕೆಯಲ್ಲಿ ಮಾತ್ರ ಬೇರೆಬೇರೆ. ಇದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ, ಎರಡು ರೂಪಗಳನ್ನೂ ಕೊಟ್ಟು ಪ್ಯಾಕೇಜ್ ಅವನ್ನು ಒಂದೇ ಅಕ್ಷರವಾಗಿ ಎಣಿಸುವುದನ್ನು ತೋರಿಸುವ ಉದಾಹರಣೆ ಹೆಚ್ಚು ಉಪಯುಕ್ತವೆಂದು ಭಾವಿಸಿ ಅದನ್ನೇ ಪುಟದ ಮೇಲ್ಭಾಗಕ್ಕೆ ತಂದಿದ್ದೇನೆ.

ಮುಂದಿನ ಕೆಲಸ ಅರ್ಕಾವತ್ತಿನದು. ‘ಸೂರ್ಯ’ ಮತ್ತು ‘ಸೂರ‍್ಯ’ ಪುಟದಲ್ಲಿ ಬೇರೆಯಾಗಿ ಕಾಣಬೇಕು, ಅಕ್ಷರ ಎಣಿಕೆಯಲ್ಲಿ ಸಮವಾಗಬೇಕು. ಎರಡನೆಯ ರೂಪದ ನಡುವಿರುವ ಅಗೋಚರ ಜೋಡಕವನ್ನು ಕೋಡ್ ಈಗಾಗಲೇ ಗುರುತಿಸುತ್ತದೆ, ಅದರ ಉದಾಹರಣೆಯನ್ನು ಬೇರೆಬೇರೆ ಫಾಂಟ್‌ಗಳಲ್ಲಿ ತೆರೆದು ನೋಡಿದ ಮೇಲೆ ವಿವರಣೆಯನ್ನು ಸೇರಿಸುತ್ತೇನೆ.