ಲಾರಿಗಿಂತ ಮುಂದೆ ಬಿದ್ದ ಹತ್ತಿ

ಸುಗ್ಗಿಯಲ್ಲಿ ರಾಯಚೂರಿನ ಹತ್ತಿ ಮಾರುಕಟ್ಟೆಯ ಕಡೆ ಬರುವ ರಸ್ತೆಗಳ ಬದಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳಿಗೆಲ್ಲ ಹತ್ತಿ ಸಿಕ್ಕಿಕೊಂಡಿರುತ್ತದೆ. ಲಾರಿ ಯಾವ ದಾರಿ ಹಿಡಿಯಿತೆಂದು ಯಾರನ್ನೂ ಕೇಳಬೇಕಿಲ್ಲ. 1994ರಲ್ಲಿ ಪತ್ತೆಯಾದ ಧನು ರಾಶಿಯ ಕುಬ್ಜ ಗ್ಯಾಲಕ್ಸಿ ನಮ್ಮ ಆಕಾಶಗಂಗೆಯನ್ನು ಸುತ್ತುತ್ತ, ಅದರ ಸೆಳೆತಕ್ಕೆ ಹರಿದು ಚಿಂದಿಯಾಗಿ, ದಾರಿಯುದ್ದಕ್ಕೂ ನಕ್ಷತ್ರಗಳನ್ನು ಚೆಲ್ಲಿರುವುದನ್ನು ಸೋದರಮಾವನಿಗೆ ಹೀಗೆಯೇ ವಿವರಿಸಿದೆ. ಉಪಮೆ ಚೆನ್ನಾಗಿದೆಯೆಂದು ನನಗೇ ಅನ್ನಿಸಿತ್ತು.

ಇದನ್ನೇ ನಾನು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿಸಿ ಚಿತ್ರವಾಗಿ ಮೂಡಿಸಿದ್ದೆ. ಮಾವ ಪರದೆಯನ್ನು ದಿಟ್ಟಿಸಿ, “ಹಿಂದೆ ಉದುರಿದ್ದು ಸರಿ. ಲಾರಿಯ ಮುಂದೂ ಹತ್ತಿ ಬಿದ್ದಿದೆಯಲ್ಲಪ್ಪ, ಅದು ಹೇಗೆ?” ಎಂದರು.

ಮೂವತ್ತು ವರ್ಷ ಹತ್ತಿ ದಲಾಲಿ ಮಾಡಿದ ಕಣ್ಣು. ಉಪಮೆ ಅಲ್ಲಿಗೆ ಮುಗಿಯಿತು. ಕೊನೆಗೆ ಉಪಮೆಗಾಗಿ ತೆನೆ ತುಳಿಸುವ ಕಣಕ್ಕೆ ಹೋದೆ. ನಡುಗಂಬವಾದ ಮೇಟಿಯ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳ ಕೊರಳ ಹಗ್ಗ ಬಿಚ್ಚಿದರೆ, ಮೇಟಿಯ ಪಕ್ಕದ್ದು ಸಣ್ಣ ಸುತ್ತನ್ನು ಬೇಗ ಮುಗಿಸಿ ಮುಂದಾಗುತ್ತದೆ, ಹೊರಗಿನದು ಹಿಂದುಳಿಯುತ್ತದೆ. ಕುಬ್ಜ ಗ್ಯಾಲಕ್ಸಿಯ ಸ್ವಂತ ಗುರುತ್ವವೇ ಆ ಹಗ್ಗ. ಒಳಬದಿಯಿಂದ ತಪ್ಪಿಸಿಕೊಂಡ ನಕ್ಷತ್ರ ಮುಂದಿನ ಬಾಲವಾಗುತ್ತದೆ, ಹೊರಬದಿಯದು ಹಿಂದಿನ ಬಾಲ. ಹಾಗಾಗಿ ಹೀಗೆ ಚೆಲ್ಲಿದ ನಕ್ಷತ್ರಗಳ ತೊರೆಯೆಂದರೆ ಗ್ಯಾಲಕ್ಸಿ ನಡೆದ ದಾರಿಯೇ ಅಲ್ಲ, ಅದರ ಅಕ್ಕಪಕ್ಕದ ಎರಡು ದಾರಿಗಳು. ಈ ಓರೆಯನ್ನು ಮರೆತು, ಕಣ್ಣಿಗೆ ಕಾಣದೆ ಸೆಳೆತದಿಂದಷ್ಟೇ ಗೊತ್ತಾಗುವ ಆಕಾಶಗಂಗೆಯ ಕಪ್ಪು ದ್ರವ್ಯವನ್ನು ತೊರೆಯಿಂದ ತೂಗಲು ಹೊರಟರೆ ತಕ್ಕಡಿ ಸುಳ್ಳು ಹೇಳುತ್ತದೆ.

ಇಷ್ಟು ಕಾಣಿಸಲು ಪಟ್ಟ ಪಾಡು ಬೇರೆ. ಮೊದಲು ಕುಬ್ಜ ಗ್ಯಾಲಕ್ಸಿಯ ಬದಲಿಗೆ 10,000 ಬಿಂದುಗಳನ್ನಿಟ್ಟೆ. ಕಾಲ ಮುಂದೆ ಸರಿಯುವ ಪ್ರತಿ ಹೆಜ್ಜೆಗೆ ಸುಮಾರು 5 ಕೋಟಿ ಜೋಡಿಗಳ ಸೆಳೆತ ಲೆಕ್ಕ ಹಾಕಬೇಕು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಕೂಲರ್ ನನಗೋ ಲ್ಯಾಪ್‌ಟಾಪಿಗೋ ಎಂಬ ಪ್ರಶ್ನೆ ಬಂತು. 2,000ಕ್ಕೆ ಇಳಿಸಿದೆ, ಜೋಡಿಗಳು 20 ಲಕ್ಷವಾದವು. ಆಗ ಗ್ಯಾಲಕ್ಸಿ ತಾನಾಗಿಯೇ ಸಿಡಿಯಿತು, ಅದನ್ನು ಹರಿದುಹಾಕಲು ಆಕಾಶಗಂಗೆಯನ್ನು ಇನ್ನೂ ಪಕ್ಕಕ್ಕೆ ತಂದಿರಲೇ ಇಲ್ಲ! ಎರಡು ಬಿಂದುಗಳು ತೀರಾ ಹತ್ತಿರ ಬಂದರೆ ಬಲ ವಿಪರೀತ ಏರಿ, ಎರಡನ್ನೂ ಕವಣೆ ಕಲ್ಲಿನಂತೆ ಎಸೆಯುತ್ತದೆ. ಅದಕ್ಕಾಗಿ ಸೂತ್ರದಲ್ಲಿ ಒಂದು ಚಿಕ್ಕ ದೂರವನ್ನು ಸೇರಿಸಿ ಬಲವನ್ನು ಮೆತ್ತಗಾಗಿಸಬೇಕು. ಮೋಸವೇನಲ್ಲ, ಒಂದೊಂದು ಬಿಂದುವೂ ಸಾವಿರಾರು ನಕ್ಷತ್ರಗಳ ಪರವಾಗಿ ನಿಂತಿದೆ. ಅವೆಲ್ಲ ಒಂದೇ ಕಡೆ ಒತ್ತೊತ್ತಾಗಿ ಇರುವುದಿಲ್ಲ.

ನಿನ್ನೆ ರಾತ್ರಿ 200 ಕೋಟಿ ವರ್ಷಗಳ ಓಟಕ್ಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ಚಹಾ ಹಿಡಿದು ಬಂದ ಮಾವ, “ಲಾರಿ ಎಲ್ಲಿಗೆ ಬಂತು?” ಎಂದರು.

“70 ಕೋಟಿ ವರ್ಷಕ್ಕೆ ಬಂದಿತ್ತು ಮಾವ, ಕರೆಂಟ್ ಹೋಯಿತು.”