ಗೆರಟೆಯಲ್ಲಿ ಮೊಳೆತ ರಾಗಿ

ಈ ಸಲದ ಕ್ರಿಸ್ಮಸ್ ಸಿಂಗಾಪುರದಲ್ಲಿ, ಮಗಳ ಮನೆಯಲ್ಲಿ ಆಯಿತು. ಭೂಮಧ್ಯರೇಖೆಯಿಂದ ಒಂದು ಡಿಗ್ರಿಯಷ್ಟೇ ದೂರದ ಊರು. ಡಿಸೆಂಬರ್ ಅಂದರೆ ಬೆವರು, ಒಂದು ಜೋರು ಮಳೆ, ಮತ್ತೆ ಬೆವರು. ಆರ್ಚರ್ಡ್ ರಸ್ತೆಯಲ್ಲಿ ಮಾತ್ರ ಬಿಳಿ ಹಿಮದ ಅಲಂಕಾರ. ಸಾಂತಾ ಟೋಪಿ ಹಾಕಿ ಫೋಟೊ ತೆಗೆಸಿಕೊಳ್ಳುವವರ ಹಣೆಯಲ್ಲಿ ನೀರಿಳಿಯುತ್ತಿತ್ತು. ನಗು ಬಂತು. ಆದರೆ ನಗೋದಕ್ಕೆ ನನಗೆ ಬಾಯೆಲ್ಲಿದೆ? ನಮ್ಮ ಬೇಳದಲ್ಲೂ ಈಗ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಅಲಂಕಾರಕ್ಕೆ, ಹತ್ತಿ ಹರಡಿ ಹಿಮ ಅನ್ನುತ್ತೇವೆ. ಕಾಸರಗೋಡಿನಲ್ಲಿ ಯಾವ ಕಾಲಕ್ಕೆ ಹಿಮ ಬಿದ್ದಿತ್ತು, ಸ್ವಾಮಿ?

ನನ್ನ ಅಜ್ಜಿಯ ಗೋದಲಿಯಲ್ಲಿ ಹತ್ತಿ ಇರಲಿಲ್ಲ, ರಾಗಿ ಇತ್ತು. ಹಬ್ಬಕ್ಕೆ ಹತ್ತು ದಿನ ಇರುವಾಗ ಗೆರಟೆಗಳಿಗೆ, ಅಂದರೆ ತೆಂಗಿನ ಚಿಪ್ಪುಗಳಿಗೆ, ಮಣ್ಣು ತುಂಬಿ, ನೆನೆಸಿದ ರಾಗಿ ಚೆಲ್ಲಿ, ಒದ್ದೆ ಗೋಣಿ ಮುಚ್ಚುತ್ತಿದ್ದರು. ಮೂರನೇ ದಿನ ಗೋಣಿ ಎತ್ತಿದಾಗ ಬರುವ ವಾಸನೆ ಇದೆಯಲ್ಲ, ಹಸಿ ಮಣ್ಣು, ಮೊಳಕೆ, ಚೂರು ಹುಳಿ, ನನಗೆ ಕ್ರಿಸ್ಮಸ್ ಅಂದರೆ ಅದೇ. ಕುಸ್ವಾರ್, ಹಬ್ಬದ ತಿಂಡಿ ಎಲ್ಲ ಆಮೇಲೆ. ನೂಲಿನ ಹಾಗೆ ಬೆಳ್ಳಗಿದ್ದ ಮೊಳಕೆ ಬೆಳಕು ಕಂಡ ಮೇಲೆ ನೋಡನೋಡುತ್ತ ಹಸಿರಾಗುತ್ತಿತ್ತು. "ಬಾಲಯೇಸು ಮಲಗುವ ಜಾಗ ಮಗಾ, ಕೈ ಹಾಕಬೇಡ" ಅನ್ನುತ್ತಿದ್ದರು. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಕಾಯಬೇಕು ಅಂತ ಪಾದ್ರಿಗಳು ಪ್ರಸಂಗದಲ್ಲಿ ಹೇಳುತ್ತಾರೆ. ನಾವು ಗೆರಟೆ ಮುಂದೆ ಕೂತು ಕಾಯುತ್ತಿದ್ದೆವು. ಈಗಿನ ಪ್ಲಾಸ್ಟಿಕ್ ಹುಲ್ಲು ಹಬ್ಬದ ಹಿಂದಿನ ದಿನ ಅಂಗಡಿಯಿಂದ ಬಂದರೂ ಸಾಕು. ಅದಕ್ಕೆ ನೀರೂ ಬೇಡ, ನಾವೂ ಬೇಡ.

ಲಿಟಲ್ ಇಂಡಿಯಾದಿಂದ ರಾಗಿ ತಂದೆ. ಗೆರಟೆ ಇಲ್ಲ, ಐಸ್‌ಕ್ರೀಮ್ ಡಬ್ಬಿ. ನೀರು ನಿಲ್ಲಿಸಬೇಡಿ ಅಂತ ಮಗಳದ್ದು ಒಂದೇ ವರಾತ. ಅಲ್ಲಿ ಮನೆಯೊಳಗೆ ಸೊಳ್ಳೆಮರಿ ಸಿಕ್ಕರೆ ದಂಡ ಹಾಕುತ್ತಾರೆ, ಡೆಂಗಿ ಭಯ. ಮೊದಲ ಡಬ್ಬಿ ಕೊಳೆಯಿತು. ಎರಡನೆಯದು ಬಂತು.

ಹಬ್ಬದ ಹಿಂದಿನ ರಾತ್ರಿ ಓಫಿರ್ ರಸ್ತೆಯ ಲೂರ್ದು ಮಾತೆಯ ಇಗರ್ಜಿಗೆ ಹೋದೆವು. ತಮಿಳರಿಗಾಗಿ ಕಟ್ಟಿದ್ದು, 1888ರದ್ದು. 1890ರಲ್ಲಿ ಕಟ್ಟಿದ ನಮ್ಮ ಬೇಳದ ಶೋಕಮಾತೆಯ ಇಗರ್ಜಿಗೆ ಎರಡೇ ವರ್ಷದ ಅಕ್ಕ! ಹಾಡು ಅರ್ಧಂಬರ್ಧ ಅರ್ಥವಾಯಿತು. ಆಗಮನದ ನಾಲ್ಕು ಭಾನುವಾರ ಸುಮ್ಮನಿದ್ದ ಗ್ಲೋರಿಯಾ ಸ್ತುತಿಗೀತೆ ಶುರುವಾದಾಗ ಮಾತ್ರ ಗಂಟಲು ಕಟ್ಟಿತು. ಪಕ್ಕದ ಮುದುಕಿಯೊಬ್ಬರು ಸುಮ್ನೆ ತಮ್ಮ ಬೀಸಣಿಗೆಯನ್ನು ನನ್ನ ಕಡೆಗೂ ತಿರುಗಿಸಿದರು.

ಮನೆಗೆ ಬಂದು ಪೈರಿನ ನಡುವೆ ಬಾಲಯೇಸುವನ್ನು ಮಲಗಿಸಿದೆ. ನಿದ್ದೆಗಣ್ಣಿನ ಮೊಮ್ಮಗ ಬೆರಳಿಂದ ಸವರಿ, "ಅಜ್ಜ, ಇದು ನಿಜದ್ದಾ?" ಅಂದ. ಮೂಸಿ ನೋಡು ಅಂದೆ. ಬಗ್ಗಿ ಮೂಸಿದ.

"ಛೀ" ಅಂದ. ಮತ್ತೊಮ್ಮೆ ಮೂಸಿದ.